ವಾಲಿದ ಅಕ್ಷರದ ಅವಸರ

ನಮ್ಮ ಕಾಫಿ ಸೀಮೆಯಲ್ಲಿ ನೆಟ್ಟಗೆ ನಿಂತಿರುವುದು ಸಿಲ್ವರ್ ಓಕ್ ಒಂದೇ. ರಸ್ತೆ, ತೋಟ, ಬೇಲಿ, ಕೊಟ್ಟಿಗೆಹಾರದ ಮಳೆ, ಉಳಿದದ್ದೆಲ್ಲ ಓರೆ. ಇನ್ನು ಫ್ಲೆಕ್ಸ್ ಅಂಗಡಿಯವರು ಅಕ್ಷರಗಳನ್ನೂ ಓರೆ ಮಾಡಿದರೆ ನಿಮ್ಮ ಗಂಟೇನು ಹೋಯಿತು ಅಂತ ಕೇಳಬಹುದು. ಏನೂ ಹೋಗಿಲ್ಲ ಮಾರಾಯ್ರೆ. ಆದರೆ ದಪ್ಪ ಅಕ್ಷರವನ್ನು ಬಲಕ್ಕೆ ವಾಲಿಸುವುದೇ ಓಟ ತೋರಿಸಲಿಕ್ಕೆ. ಆಟದ ಬೂಟು, ರೇಸಿನ ಬೈಕು, ಕೊರಿಯರ್ ಗಾಡಿಗೆ ಅದು ಸರಿ. ಮೂಡಿಗೆರೆ ದಾರಿಯ ಹೋಂಸ್ಟೇ ಬೋರ್ಡಿನಲ್ಲಿ ‘ಪ್ರಶಾಂತ ವಾತಾವರಣ’ ಅನ್ನುವ ಪದಗಳೂ ಕೊನೇ ಬಸ್ಸು ತಪ್ಪಿದವರ ಹಾಗೆ ಮುಗ್ಗರಿಸಿಕೊಂಡು ಓಡಬೇಕೆ?

ಬಸ್ಸಿನ ಸಂಗತಿಯಂತೂ ಇನ್ನೂ ಮಜಾ. ಕಳಸದ ಕಡೆ ಹೊರಟ ಖಾಸಗಿ ಬಸ್ಸಿನ ಬಲಮಗ್ಗುಲು ನೋಡಿ: ಹೆಸರು ಮುಂದಕ್ಕೆ ಬಾಗಿ ಡ್ರೈವರ್ ಜೊತೆ ಜೋರಾಗಿ ಹೊರಟಿರುತ್ತದೆ. ಬಾಗಿಲಿರುವ ಎಡಮಗ್ಗುಲಿಗೆ ಬನ್ನಿ. ಇಲ್ಲಿ ಬಸ್ಸಿನ ಮೂತಿ ಎಡಕ್ಕೆ, ಅಕ್ಷರದ ವಾಲಿಕೆ ಬಲಕ್ಕೆ. ಬಸ್ಸು ಕಳಸಕ್ಕೆ ಹೊರಟರೆ ಹೆಸರು ವಾಪಸು ಮೂಡಿಗೆರೆಗೆ! ಏರು ಹತ್ತುವಾಗಿನ ವೇಗ ನೋಡಿದರೆ ಈ ಮಗ್ಗುಲೇ ಹೆಚ್ಚು ಪ್ರಾಮಾಣಿಕ ಅನ್ನಿ. ಹೆಸರು ಎತ್ತ ವಾಲಿದರೂ ಜನ ನೆನಪಿಡುವುದು ಬೇರೆಯದನ್ನೇ. 1991ರಲ್ಲಿ ಕೊಪ್ಪದಲ್ಲಿ ಕಾರ್ಮಿಕರೇ ಕಟ್ಟಿಕೊಂಡ ಸಹಕಾರ ಸಾರಿಗೆ 2020ರಲ್ಲಿ ನಿಂತುಹೋಯಿತು. ಅದರ ಹೆಸರು ಯಾವ ಅಕ್ಷರದಲ್ಲಿತ್ತು ಅಂದರೆ ನಮ್ಮವರು ತಲೆ ಕೆರೆದುಕೊಂಡಾರು. ಎಷ್ಟು ಹೊತ್ತಿಗೆ ಬರುತ್ತಿತ್ತು ಅನ್ನುವುದು ಮಾತ್ರ ಬಾಯಿಪಾಠ.

ಈ ವಾಲಿಕೆ ವೆನಿಸ್ಸಿನ ಸರಕು. 1501ರಲ್ಲಿ ಅಲ್ಲಿನ ಮುದ್ರಕ ಆಲ್ಡಸ್ ಮನುಷಿಯಸ್ ಓರೆ ಅಕ್ಷರದಲ್ಲಿ ಇಡೀ ಪುಸ್ತಕ ಅಚ್ಚು ಹಾಕಿದ. ಅಚ್ಚುಮೊಳೆ ಕೊರೆದವನು ಫ್ರಾಂಚೆಸ್ಕೊ ಗ್ರಿಫೊ. ಅವನು ಕೈಬರಹದ ಓಟ ನೋಡಿ ಒಂದೊಂದು ಅಕ್ಷರವನ್ನೂ ಹೊಸದಾಗಿ ಕೊರೆದಿದ್ದ. ನಮ್ಮ ಕಂಪ್ಯೂಟರಿಗೆ ಅಷ್ಟು ಪುರುಸೊತ್ತೆಲ್ಲಿ? ಬಟನ್ ಒತ್ತಿದರೆ ದುಂಡು ಕನ್ನಡವನ್ನು ಹೆಗಲು ಹಿಡಿದು ದಬ್ಬುತ್ತದೆ. ಮೇಲಿನದು ಬಲಕ್ಕೆ, ಕೆಳಗಿನದು ಎಡಕ್ಕೆ. ತಲೆಕಟ್ಟಿನ ತುದಿ ಪಕ್ಕದವನ ಗುಡಿಸಿಗೆ ತಿವಿಯುತ್ತದೆ, ಒತ್ತಕ್ಷರ ತನ್ನ ಜಾಗ ಬಿಟ್ಟು ಹಿಂದಕ್ಕೆ ಜಾರುತ್ತದೆ. ಮೇಲೆ ದಪ್ಪ ಬೇರೆ ಮಾಡಿದರೆ ಫಕಾರದ ಬುಡದ ಸೀಳು ಮುಚ್ಚಿ, ಕಾಫಿ ಪುಡಿ ಕಾಪಿ ಪುಡಿಯಾಗುತ್ತದೆ. ಕುಂಚ ಹಿಡಿದ ಪೇಂಟರು ಇಂಥ ಕಡೆ ಒತ್ತನ್ನು ತುಸು ಬಲಕ್ಕೆ ಎಳೆದು, ಸೀಳಿಗೆ ಜಾಗ ಬಿಟ್ಟು ಸಂಭಾಳಿಸುತ್ತಿದ್ದ. ಅವನನ್ನು ನಾವೇ ಮನೆಗೆ ಕಳಿಸಿದ್ದಾಯಿತು. ದಪ್ಪವೇ ಬೇಕಾದರೆ ಏಕ್ ಟೈಪ್‌ನವರ ‘ಬಾಲೂ ತಮ್ಮ’ ಅನ್ನುವ ಫಾಂಟ್ ಇದೆಯಲ್ಲ, ಬಿಟ್ಟಿ ಸಿಗುತ್ತದೆ. ಹೊಟ್ಟೆ ಬಿಟ್ಟುಕೊಂಡು ನೆಟ್ಟಗೆ, ಆರಾಮಾಗಿ ನಿಂತಿರುತ್ತದೆ. ನಮ್ಮ ಪೈಕಿಯೇ ಅನ್ನಿಸುತ್ತದೆ.

ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನೇ ಬಂತು. ಎಷ್ಟು ಡಿಗ್ರಿ ವಾಲಬಹುದು ಅಂತ ಅದರಲ್ಲಿ ಹೇಳಿಲ್ಲ, ಹೇಳುವುದೂ ಬೇಡ.

ಪುಡಿ ಪ್ಯಾಕೆಟ್ಟಿನ ಕಾನೂನು ಇನ್ನೊಂದು ಇದೆ. ಚಿಕೋರಿ ಬೆರೆಸಿದ್ದರೆ ಕಾಫಿ ಕನಿಷ್ಠ ಶೇ. 51 ಇರಬೇಕು, ಎರಡರ ಪ್ರಮಾಣವನ್ನೂ ಮೇಲೆ ಬರೆಯಬೇಕು. ಪ್ಯಾಕೆಟ್ಟು ತಂದು ನೋಡಿ. ಹೆಸರು ಅಂಗೈಯಗಲ, ವಾಲಿಕೊಂಡು ಬೆಟ್ಟ ಹತ್ತುತ್ತಿರುತ್ತದೆ. ಚಿಕೋರಿಯ ಸಾಲು ಸಣ್ಣಗೆ, ತೆಳ್ಳಗೆ, ಒಂದಿಷ್ಟೂ ವಾಲದೆ ನಿಂತಿರುತ್ತದೆ. ಕನ್ನಡಕ ಹಾಕಿಕೊಂಡು ಅದನ್ನೇ ಮೊದಲು ಓದಿ. ಆಮೇಲೆ ಹಾಲು ಕಾಯಿಸಿ.