ಸೂರುನೀರಿನ ಅಂತರ್ಗತಿ ಮೀಮಾಂಸೆ: ಜರ್ಮನ್ ಅಂಗಳವನ್ನು ಕುರಿತ ಒಂದು ಪ್ರಮಾಣವಿಚಾರ

ನೆಲದೊಳಗೆ ನೀರು ಎಲ್ಲಿದೆ ಎಂದು ಹೇಳುವ ಶಾಸ್ತ್ರ ನಮ್ಮಲ್ಲಿ ಬಲು ಹಳೆಯದು. ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಅದಕ್ಕೆಂದೇ ಒಂದು ಅಧ್ಯಾಯ ಎತ್ತಿಟ್ಟ. ಕನ್ನಡದಲ್ಲಿ ಇಮ್ಮಡಿ ಚಾವುಂಡರಾಯ 1025ರ ಸುಮಾರಿಗೆ ಬರೆದ ‘ಲೋಕೋಪಕಾರ’ದಲ್ಲಿ ಜಲಶೋಧನೆ, ಅಡುಗೆ, ಸುಗಂಧದ್ರವ್ಯ, ಪಶುವೈದ್ಯಗಳು ಒಂದೇ ಪಂಕ್ತಿಯಲ್ಲಿ ಕೂತಿವೆ. ಆದರೆ ಸೂರಿನಿಂದ ಇಳಿದ ನೀರು ಆಮೇಲೆ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಯನ್ನು ಈ ಇಬ್ಬರೂ ಎತ್ತಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲವೆನ್ನಿ. ಅದು ಎಲ್ಲರ ಕಣ್ಣೆದುರೇ ಅಂಗಳ ದಾಟಿ, ಪಕ್ಕದ ಮನೆಯವರ ಬೈಗುಳ ತಿಂದು, ಗದ್ದೆ ಸೇರುತ್ತಿತ್ತು. ಪೂರ್ವಸೂರಿಗಳು ಹೀಗೆ ಬಿಟ್ಟುಹೋದ ಕಂದಕವನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಪ್ರಯೋಜನ.

ಈ ನೂತನ ಶಾಸ್ತ್ರದ ಜನ್ಮಭೂಮಿ ಜರ್ಮನಿಯ ನೈಋತ್ಯ ಮೂಲೆಯ ಬಾಡೆನ್-ವುರ್ಟೆಂಬರ್ಗ್ ರಾಜ್ಯ. ಜನ್ಮದಿನ 2010ರ ಮಾರ್ಚ್ 11. ಕುಡಿಯುವ ನೀರಿನ ಮೀಟರ್ ನೋಡಿಕೊಂಡು ಚರಂಡಿಶುಲ್ಕವನ್ನೆಲ್ಲ ವಸೂಲು ಮಾಡುವುದು ನ್ಯಾಯವಲ್ಲ, ಮಳೆನೀರಿನ ಲೆಕ್ಕ ಬೇರೆ ಇಡಿ ಎಂದು ಮ್ಯಾನ್‌ಹೈಮಿನ ಉಚ್ಚ ಆಡಳಿತ ನ್ಯಾಯಾಲಯ ಅಂದು ತೀರ್ಪಿತ್ತಿತು. ಊರೂರಿನ ಪುರಸಭೆಗಳಿಂದ ಮನೆಮನೆಗೆ ಅರ್ಜಿ ನಮೂನೆ ಬಂತು. ನಿಮ್ಮ ಸೂರು ಎಷ್ಟು ಚದರ ಮೀಟರ್? ಅದರ ನೀರು ಊರಿನ ಮೋರಿ ಸೇರುತ್ತದೋ, ನಿಮ್ಮ ಹಿತ್ತಲಲ್ಲೇ ಇಂಗುತ್ತದೋ? ಸೇರಿದರೆ ವರ್ಷಾವರ್ಷ ಶುಲ್ಕ, ಇಂಗಿದರೆ ಇಲ್ಲ. ಅಲ್ಲಿಯವರೆಗೆ ಸೂರಿನ ಪೈಪು ನೆಲ ಹೊಕ್ಕ ಮೇಲೆ ಅದರ ಪರಲೋಕದ ಬಗ್ಗೆ ತಲೆ ಕೆಡಿಸಿಕೊಳ್ಳದಿದ್ದ ಜನ ರಾತ್ರಿ ಬೆಳಗಾಗುವುದರೊಳಗೆ ತತ್ತ್ವಜ್ಞಾನಿಗಳಾದರು. ಬೆಂಗಳೂರಿನ ಆಡುಗೋಡಿಯಲ್ಲಿ ಕೆಲಸ ಕಲಿತು ಸ್ಟುಟ್‌ಗಾರ್ಟ್ ಸೀಮೆಗೆ ಬಂದು ಹಳೇ ಮನೆ ಕೊಂಡ ನಮ್ಮ ಕನ್ನಡಿಗರನ್ನೂ ಈ ಜಿಜ್ಞಾಸೆ ಬಿಡಲಿಲ್ಲ. (ಬೆಂಗಳೂರಿನಲ್ಲಿ ಈ ಶಾಸ್ತ್ರ ಬೆಳೆಯದಿರಲು ಕಾರಣ ಸ್ಪಷ್ಟ. ಮಳೆನೀರನ್ನು ಒಳಚರಂಡಿಗೆ ಬಿಡಬೇಡಿ ಎಂದು ಜಲಮಂಡಳಿ ಹೇಳುತ್ತಲೇ ಇರುತ್ತದೆ. ಪೈಪು ಎಲ್ಲಿ ಸೇರಿದೆ ಎಂಬುದು ಮನೆಯವರಿಗೆ, ಪ್ಲಂಬರಿಗೆ, ಬೀದಿಗೆಲ್ಲ ಗೊತ್ತಿರುತ್ತದೆ. ಅಲ್ಲಿ ಬೇಕಾದದ್ದು ಅನ್ವೇಷಣೆಯಲ್ಲ, ಮರೆವು.)

ಇನ್ನು ಪ್ರಮಾಣಗಳ ವಿಚಾರ. ಪ್ರತ್ಯಕ್ಷವು ನೆಲಮಟ್ಟದಲ್ಲೇ ಸೋಲುತ್ತದೆ. ಸತುವಿನ ಪೈಪು ಗೋಡೆಗುಂಟ ಇಳಿಯುತ್ತದೆ, ಕೊನೆಯ ಒಂದು ಮೀಟರ್ ಕಬ್ಬಿಣವಾಗುತ್ತದೆ, ಅಲ್ಲೊಂದು ಪುಟ್ಟ ಮುಚ್ಚಳ. ಬಿಚ್ಚಿದರೆ ಹಂಚಿನಿಂದ ಕಿತ್ತುಬಂದ ಪಾಚಿ, ಬರ್ಚ್ ಮರದ ಬೀಜ, ಯಾರದೋ ಟೆನಿಸ್ ಚೆಂಡು. ಅಲ್ಲಿಂದಾಚೆಗೆ ಹುಲ್ಲು.

ಶಬ್ದಪ್ರಮಾಣವೆಂದರೆ ಕಟ್ಟಡ ಇಲಾಖೆಯ ಕಡತ. ಅದರಲ್ಲಿ ಮೊಹರು ಬಿದ್ದ ನಕ್ಷೆ ಇರುತ್ತದೆ, ನಕ್ಷೆಯಲ್ಲಿ ಪೈಪು ಇರುತ್ತದೆ. ನಕ್ಷೆ ಹೇಳಿದ ಕಡೆ ಅಗೆದರೆ ಮಣ್ಣು ಮಾತ್ರ ಇರುತ್ತದೆ. ಇಂಥ ಸಂದರ್ಭದಲ್ಲಿ ತಪ್ಪು ನಕ್ಷೆಯದೋ ಪೈಪಿನದೋ ಎಂಬ ವಿವಾದ ಏಳುವುದುಂಟು. ಅನುಮತಿ ಸಿಕ್ಕಿದ್ದು ನಕ್ಷೆಗೆ, ಪೈಪಿಗಲ್ಲ. ಆದ್ದರಿಂದ ದೋಷ ಪೈಪಿನದೇ ಎಂಬುದು ಕಡತವಾದಿಗಳ ಸಿದ್ಧಾಂತ.

ಹಾಗಿದ್ದರೆ ಪೈಪೇ ಇಲ್ಲವೆಂದು ಯಾಕೆ ಹೇಳಬಾರದು ಎಂದು ಪೂರ್ವಪಕ್ಷಿ ಕೇಳುತ್ತಾನೆ. ಇಲ್ಲಿ ಅರ್ಥಾಪತ್ತಿ ಕೈಹಿಡಿಯುತ್ತದೆ. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲವೆಂದಾದರೆ ರಾತ್ರಿ ಉಣ್ಣುತ್ತಾನೆಂದೇ ಅರ್ಥ ಎಂದು ಮೀಮಾಂಸಕರು ಹೇಳಿಬಿಟ್ಟಿದ್ದಾರೆ. ನೂರು ಚದರ ಮೀಟರ್ ಸೂರಿನ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಒಂದು ಸಾವಿರ ಲೀಟರ್ ನೀರು. ಅಂಗಳದಲ್ಲಿ ಕೆಸರಿಲ್ಲ, ನೆಲಮಾಳಿಗೆಯಲ್ಲಿ ಒರತೆಯಿಲ್ಲ, ಬೀದಿಯಲ್ಲಿ ಹರಿವಿಲ್ಲ. ದೇವದತ್ತ ನೆಲದ ಕೆಳಗೆಲ್ಲೋ ಕೂತು ಉಣ್ಣುತ್ತಿದ್ದಾನೆ.

ಎಲ್ಲಿ ಎಂಬುದಕ್ಕೆ ಅನುಮಾನ ಬೇಕು. ನಮ್ಮ ಊರುಗಳಲ್ಲಿ ಪೈಪು ಮೇಸ್ತ್ರಿಯ ಮನೋಧರ್ಮದಂತೆ ಸಾಗುತ್ತದೆ, ಜರ್ಮನಿಯಲ್ಲಿ ಡಿಐಎನ್ 1986-100 ಎಂಬ ಸೂತ್ರಗ್ರಂಥದಂತೆ. ನೆಲದೊಳಗಿನ ಪೈಪು ಒಮ್ಮೆಲೇ ಲಂಬಕೋನದಲ್ಲಿ ಹೊರಳುವಂತಿಲ್ಲ; ತಿರುವೊಂದಕ್ಕೆ 45 ಡಿಗ್ರಿ ದಾಟಬಾರದು. ಇಳಿಜಾರು ಮೀಟರಿಗೆ ಒಂದು ಸೆಂಟಿಮೀಟರ್ ಆಸುಪಾಸು. ಚಳಿಗಾಲದಲ್ಲಿ ಹೆಪ್ಪುಗಟ್ಟದಿರಲು ಆಳ ಸುಮಾರು 80 ಸೆಂಟಿಮೀಟರ್. ಸೂರಿನ ಪೈಪಿನಿಂದ ಬೀದಿಬದಿಯ ತಪಾಸಣೆ ಗುಂಡಿಗೆ ಗೆರೆ ಎಳೆದರೆ ಕಾಗದದ ಮೇಲೆ ಪೈಪು ಸಿಕ್ಕಿದಂತೆಯೇ. ಮನೆಯ ಹಿಂದಿನ ಮಾಲೀಕ ಶನಿವಾರಗಳಲ್ಲಿ ಭಾವಮೈದುನನ್ನು ಕಟ್ಟಿಕೊಂಡು ತಾನೇ ಪೈಪು ಹಾಕಿಲ್ಲದಿದ್ದರೆ ಈ ವಿಧಾನ ನಿರ್ದುಷ್ಟ.

ಅನುಮಾನದ ಇನ್ನೊಂದು ಶಾಖೆ ಧೂಮವಾದ. ಹೊಗೆಯಿದ್ದಲ್ಲಿ ಬೆಂಕಿಯುಂಟು ಎಂದು ನೈಯಾಯಿಕರು ಬೆಟ್ಟ ತೋರಿಸುತ್ತಾ ಬಂದರು. ಜರ್ಮನರು ಅದನ್ನು ತಿದ್ದಿ ಹೊಗೆಯಿದ್ದಲ್ಲಿ ಪೈಪುಂಟು ಎಂದರು. ಯಂತ್ರದಿಂದ ಕೃತಕ ಮಂಜನ್ನು ಪೈಪಿನೊಳಗೆ ಊದಿ ಎಲ್ಲಿ ಏಳುತ್ತದೆ ಎಂದು ಕಾಯಬೇಕು. ಪಕ್ಕದ ಮನೆಯ ಸೂರಿನ ದೋಣಿಯಲ್ಲಿ ಎದ್ದರೆ ವ್ಯಾಪ್ತಿಜ್ಞಾನ ನಿರೀಕ್ಷೆಗಿಂತ ವ್ಯಾಪಕವಾಯಿತೆಂದು ತಿಳಿಯತಕ್ಕದ್ದು.

ವರಾಹಮಿಹಿರನ ಪಕ್ಷವನ್ನು ಹಾಗೇ ತಳ್ಳಿಹಾಕುವುದು ಸರಿಯಲ್ಲ. ನೇರಳೆ ಮರದ ಪೂರ್ವಕ್ಕೆ ಹುತ್ತವಿದ್ದರೆ ಅದರ ದಕ್ಷಿಣಕ್ಕೆ ಎರಡಾಳು ಆಳದಲ್ಲಿ ಸಿಹಿನೀರು ಎಂದಾತ. ಜರ್ಮನ್ ಅಂಗಳದಲ್ಲಿ ನೇರಳೆಯೂ ಇಲ್ಲ, ಹುತ್ತವೂ ಇಲ್ಲ. ಹುಲ್ಲಿನ ನಡುವೆ ಮೋಲ್ ಎಂಬ ಬಿಲವಾಸಿ ಪ್ರಾಣಿಯೊಂದು ತೋಡಿ ಹಾಕಿದ ಮಣ್ಣಗುಪ್ಪೆ ಇದೆ. ಪೈಪನ್ನು ಕಂಡ ಏಕೈಕ ಆಪ್ತಸಾಕ್ಷಿ ಅದೇ. ಆದರೆ ಅಲ್ಲಿನ ಪ್ರಕೃತಿ ಸಂರಕ್ಷಣಾ ಕಾನೂನು ಅದಕ್ಕೆ ವಿಶೇಷ ರಕ್ಷಣೆ ಕೊಟ್ಟಿರುವುದರಿಂದ ಪಾಟೀಸವಾಲು ಸಾಧ್ಯವಿಲ್ಲ.

ಕವಲುಕಡ್ಡಿ ಹಿಡಿದು ಬೋರ್‌ವೆಲ್ ಪಾಯಿಂಟ್ ನೋಡುವವರು ನಮ್ಮಲ್ಲಷ್ಟೇ ಇದ್ದಾರೆಂದು ತಿಳಿದವರು ಜರ್ಮನಿಯನ್ನು ಓದಿಲ್ಲ. ಗಣಿಶಾಸ್ತ್ರಜ್ಞ ಅಗ್ರಿಕೋಲ 1556ರಷ್ಟು ಹಿಂದೆಯೇ ಕಡ್ಡಿಯವರ ಚಿತ್ರ ಹಾಕಿಸಿ, ಬುದ್ಧಿವಂತ ಗಣಿಗಾರನಿಗೆ ಇದು ಬೇಡವೆಂದಿದ್ದ. ಆದರೂ 1980ರ ದಶಕದಲ್ಲಿ ಮ್ಯೂನಿಕ್ಕಿನ ವಿಜ್ಞಾನಿಗಳು ಸರ್ಕಾರದ ದುಡ್ಡಿನಲ್ಲಿ ಒಂದು ಕೊಟ್ಟಿಗೆ ಹಿಡಿದು, ಕೆಳಗೆ ನೀರಿನ ಪೈಪು ಸರಿಸುತ್ತಾ, ಅಟ್ಟದ ಮೇಲೆ 43 ಮಂದಿ ಕಡ್ಡಿಯವರನ್ನು ಓಡಾಡಿಸಿದರು. 843 ಪರೀಕ್ಷೆಗಳಾದವು. ಕೆಲವರಿಗೆ ಶಕ್ತಿ ಇದೆ ಎಂದರು ಆ ವಿಜ್ಞಾನಿಗಳು. ಅದೇ ಅಂಕಿಗಳನ್ನು ಮತ್ತೆ ಕೂಡಿ ಕಳೆದ ಅಮೆರಿಕದ ಜಿಮ್ ಎನ್‌ರೈಟ್ ಇದು ಬರೀ ಊಹೆಗೆ ಸಮ ಎಂದ. 1990ರಲ್ಲಿ ಕಾಸೆಲ್ ಊರಿನಲ್ಲಿ ಅರ್ಧ ಮೀಟರ್ ಆಳಕ್ಕೆ ಪ್ಲಾಸ್ಟಿಕ್ ಪೈಪು ಹೂತು, ಈಗ ನೀರು ಹರಿಯುತ್ತಿದೆಯೇ ಎಂದಷ್ಟೇ ಕೇಳಿದಾಗಲೂ ನಾಣ್ಯ ಚಿಮ್ಮಿದಷ್ಟೇ ಫಲ ಬಂತು. ಕುಮಾರಿಲ ಭಟ್ಟನಿಗೆ ಇದರಿಂದ ಸಂತೋಷವಾಗುತ್ತಿತ್ತು. ಕಾಣದಿರುವುದೂ ಒಂದು ಪ್ರಮಾಣವೆಂದು ವಾದಿಸಿದವನು ಆತ.

ಈ ಶಾಸ್ತ್ರದ ನಿಜವಾದ ಋಷಿ ಯಾರೆಂದರೆ ಕಾರ್ಲ್ಸ್‌ರೂಹೆಯ ಭೂವಿಜ್ಞಾನಿ ಅಡಾಲ್ಫ್ ಕ್ನೋಪ್. ಇಮೆಂಡಿಂಗನ್ ಹತ್ತಿರ ಡಾನ್ಯೂಬ್ ನದಿಯೇ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು ಮಾಯವಾಗುತ್ತದೆ. ಸುಮಾರು 12 ಕಿಲೋಮೀಟರ್ ಆಚೆ ಆಖ್‌ಟೋಫ್ ಎಂಬ ದೊಡ್ಡ ಬುಗ್ಗೆ ಉಕ್ಕುತ್ತದೆ. ಎರಡೂ ಒಂದೇ ನೀರೇ? ಕ್ನೋಪ್ 1877ರ ಅಕ್ಟೋಬರಿನಲ್ಲಿ 20 ಟನ್ ಉಪ್ಪು, 1,200 ಕಿಲೋ ಶೇಲ್ ಎಣ್ಣೆ, 10 ಕಿಲೋ ಫ್ಲೋರೆಸೀನ್ ಬಣ್ಣವನ್ನು ಆ ಬಿರುಕಿಗೆ ಸುರಿಸಿದ. ಅರವತ್ತು ಗಂಟೆ ಕಳೆದ ಮೇಲೆ ಬುಗ್ಗೆ ಉಪ್ಪುಪ್ಪಾಗಿ, ಡಾಂಬರು ವಾಸನೆ ಹೊಡೆಯುತ್ತಾ, ಥಳಥಳ ಹಸಿರಾಯಿತು. ಕಪ್ಪುಸಮುದ್ರಕ್ಕೆ ಹೊರಟ ನೀರು ರೈನ್ ನದಿಯ ಕಡೆಗೆ ಕಳ್ಳದಾರಿ ಹಿಡಿದಿತ್ತು. ಮೇಲಿನ ಬಾಡೆನ್ನಿಗೂ ಕೆಳಗಿನ ವುರ್ಟೆಂಬರ್ಗಿಗೂ ಜಗಳ ಹತ್ತಿ 1927ರಲ್ಲಿ ಲೈಪ್‌ಜಿಗ್ ನ್ಯಾಯಾಲಯದ ಮೆಟ್ಟಿಲೇರಿತು. ಮನೆಯಂಗಳಕ್ಕೆ ಚಿಟಿಕೆ ಬಣ್ಣ ಸಾಕು. ಜಗಳಕ್ಕೂ ನ್ಯಾಯಾಲಯಕ್ಕೂ ಪ್ರಮಾಣ ಕಡಿಮೆಯಾಗುವುದಿಲ್ಲ.

ಸಿದ್ಧಾಂತಕ್ಕೆ ಬರೋಣ. ಮನೆಯ ಪೈಪು ಎಂಬ ಜೀವವು ಊರಮೋರಿ ಎಂಬ ಬ್ರಹ್ಮದಲ್ಲಿ ಸೇರುತ್ತದೆಯೇ ಎಂಬುದೇ ಇಲ್ಲಿನ ಮೂಲಪ್ರಶ್ನೆ. ಪುರಸಭೆಯವರು ಕಟ್ಟಾ ಅದ್ವೈತಿಗಳು: ಎಲ್ಲ ಪೈಪೂ ಮೋರಿಯೇ, ಭೇದವೆಂಬುದು ಮನೆಯವರ ಭ್ರಾಂತಿ. ಮನೆಯವರು ಅಷ್ಟೇ ಕಟ್ಟಾ ದ್ವೈತಿಗಳು: ನಮ್ಮ ಪೈಪು ನಮ್ಮ ಹಿತ್ತಲ ಜಲ್ಲಿಗುಂಡಿಯಲ್ಲಿ ಇಂಗುತ್ತದೆ, ಮೋರಿಗೂ ಅದಕ್ಕೂ ನಿತ್ಯಭೇದ. ತೊಟ್ಟಿ ಹೂಳಿಸಿ, ಅದು ತುಂಬಿ ಉಕ್ಕಿದ್ದನ್ನು ಮಾತ್ರ ಮೋರಿಗೆ ಬಿಡುವ ವಿಶಿಷ್ಟಾದ್ವೈತಿಗಳಿಗೆ ಹಲವು ಊರುಗಳಲ್ಲಿ ರಿಯಾಯಿತಿ ಉಂಟು, ಮೇಲುಕೋಟೆಯವರು ಗಮನಿಸಬೇಕು. ಮೂರು ಮತಗಳ ನಡುವೆ ತೀರ್ಪು ಹೇಳಬಲ್ಲವನು ಕ್ಯಾಮೆರಾ ವ್ಯಾನಿನವನೊಬ್ಬನೇ. ಕೇಬಲ್ಲಿನ ತುದಿಗೆ ಕ್ಯಾಮೆರಾ, ಅದರ ಬೆನ್ನಿಗೆ ಕೂಗುವ ಯಂತ್ರ. ಮೇಲೆ ಹುಲ್ಲಿನಲ್ಲಿ ಒಬ್ಬ ಕೋಲಿನಾಕಾರದ ರಿಸೀವರ್ ಹಿಡಿದು ಕೀಕೀ ಎಂದಲ್ಲೆಲ್ಲ ಗುಲಾಬಿ ಬಣ್ಣ ಚಿಮುಕಿಸುತ್ತಾ ನಡೆಯುತ್ತಾನೆ. ಈ ಜ್ಞಾನ ನಿಸ್ಸಂಶಯ, ಮತ್ತು ಗಂಟೆಯ ಲೆಕ್ಕದಲ್ಲಿ ಬಿಲ್ಲಾಗುತ್ತದೆ. ಮಳೆನೀರಿನ ಶುಲ್ಕವೋ, ಆ ಸೀಮೆಯ ಎಷ್ಟೋ ಊರುಗಳಲ್ಲಿ ಚದರ ಮೀಟರಿಗೆ ವರ್ಷಕ್ಕೆ ಒಂದು ಯೂರೋ ಕೂಡ ಇಲ್ಲ. ಹೀಗಾಗಿ ವ್ಯಾನಿನವನ ದರಪಟ್ಟಿ ಕೈಸೇರಿದ ಸಂಜೆಯೇ ಎಷ್ಟೋ ದ್ವೈತಿಗಳು ಮರುಮಾತಿಲ್ಲದೆ ಅದ್ವೈತಕ್ಕೆ ಬಂದು, ನಮೂನೆಯಲ್ಲಿ ‘ಸೇರಿದೆ’ ಎಂಬಲ್ಲಿ ಗುರುತು ಹಾಕಿ ಅಂಚೆಗೆ ಹಾಕಿಬಿಡುತ್ತಾರೆ.