ಯಡಹಳ್ಳಿಯ ಚಿಂಕಾರದವರಿಗೆ, ಜಿಲ್ಲೆಯ ಜನರ ಪರವಾಗಿ

ಗೆ,
ಶ್ರೀ ಅಥವಾ ಶ್ರೀಮತಿ ಚಿಂಕಾರ,
ಯಡಹಳ್ಳಿ ವನ್ಯಜೀವಿಧಾಮ,
ಬೀಳಗಿ–ಮುಧೋಳ ತಾಲ್ಲೂಕು, ಬಾಗಲಕೋಟೆ ಜಿಲ್ಲೆ.

ವಿಷಯ: ತಮ್ಮ ಮನೆ ಪಾಳು ಬಿದ್ದಿರುವ ಬಗ್ಗೆ.

ಮಾನ್ಯರೇ,

ಸಂಬೋಧನೆ ತಪ್ಪಿದ್ದರೆ ಕ್ಷಮಿಸಬೇಕು. ಚಿಂಕಾರವೆಂಬ ಹುಲ್ಲೆಗಳಾದ ತಮ್ಮ ಮನೆತನದಲ್ಲಿ ಹೆಂಗಸರಿಗೂ ಕೋಡಿರುತ್ತವೆ, ಗಿಡ್ಡ ಅಷ್ಟೇ. ದೂರದಿಂದ ಗೊತ್ತಾಗುವುದಿಲ್ಲ. ಹತ್ತಿರ ಬರೋಣವೆಂದರೆ ತಾವು ಮುಂಗಾಲು ಕುಟ್ಟಿ, ಮೂಗಿನಲ್ಲಿ ‘ಫುಸ್’ ಅಂದು, ಕರಿ ಬಾಲ ಅಲ್ಲಾಡಿಸುತ್ತ ಹೊರಟೇಬಿಡುತ್ತೀರಿ.

2016ರಲ್ಲಿ ಸರ್ಕಾರ ಸುಮಾರು 96 ಚದರ ಕಿಲೋಮೀಟರ್ ಜಾಗವನ್ನು ತಮ್ಮ ಹೆಸರಿಗೆ ಮಾಡಿತು. ಚಿಂಕಾರಕ್ಕೆಂದೇ ರಾಜ್ಯದಲ್ಲಿ ಅದೇ ಮೊದಲ ವನ್ಯಜೀವಿಧಾಮ. ಬುಕ್ಕಾಪಟ್ಟಣದ ತಮ್ಮ ಬೀಗರು 2019ರ ತನಕ ಕಾಯಬೇಕಾಯಿತು. ಆದರೂ ತಮ್ಮ ಜಾಗ ಕಾಡೆಂದು ನಮಗೆ ನಂಬಿಕೆ ಬಂದಿಲ್ಲ. ಕಾಡೆಂದರೆ ದಾಂಡೇಲಿ. ತಮ್ಮಲ್ಲಿ ಏನಿದೆ? ಜಾಲಿ, ಕಾರಿ, ಬಾರಿಕಂಟಿ, ಒಂದಿಷ್ಟು ಹುಲ್ಲು. ಇಂಥ ಕುರುಚಲು ನೆಲಕ್ಕೆ ದೇಶದ ಪಾಳುಭೂಮಿ ನಕ್ಷೆಯಲ್ಲಿ ಒಂದು ವರ್ಗವೇ ಇದೆ. ಮೇಲಾಗಿ ತಾವು ಎಲೆಯ ತೇವದಲ್ಲೇ ದಿನಗಟ್ಟಲೆ ಕಾಲ ಹಾಕುತ್ತೀರಿ. ಆಲಮಟ್ಟಿ ಹಿನ್ನೀರಿನ ಜಿಲ್ಲೆಯಲ್ಲಿ ನೀರನ್ನೂ ಕೇಳದವರಿಗೆ ಯಾರು ಸೊಪ್ಪು ಹಾಕುತ್ತಾರೆ?

ತಮ್ಮನ್ನು ಅಟ್ಟಬಲ್ಲ ಮುಧೋಳ ನಾಯಿಯನ್ನೇ ನೋಡಿ: 2005ರಲ್ಲೇ ಅಂಚೆಚೀಟಿ ಏರಿ ಕುಳಿತಿದೆ. ತಮ್ಮ ಮೈಬಣ್ಣ ಬಾದಾಮಿಯ ಬಂಡೆಯದೇ, ನಿಜ. ಆದರೆ ಬಂಡೆ ನಿಂತಲ್ಲೇ ನಿಲ್ಲುತ್ತದೆ, ಸೆಲ್ಫಿಗೆ ಅನುಕೂಲ. ಇಳಕಲ್ಲಿನ ಕೆಂಪು ಕಲ್ಲನ್ನು ಕೊರೆದು ಮಾರಬಹುದು. ಇನ್ನು ದಯೆಯ ಮಾತೋ, ಕೂಡಲಸಂಗಮವಿರುವ ಹುನಗುಂದ ಸೀಮೆಯವರು ನಾವು. ನಿದ್ದೆಯಲ್ಲೂ ಭಾಷಣ ಮಾಡುತ್ತೇವೆ.

ತಮ್ಮ ಮೇಲೆ ಪ್ರೀತಿಯಿಲ್ಲವೆಂದಲ್ಲ. ಪ್ರೀತಿ ಉಕ್ಕಿದರೆ ಗುಂಡಿ ತೋಡುತ್ತೇವೆ. ವನಮಹೋತ್ಸವಕ್ಕೆ ಸಿಕ್ಕ ಬಯಲಲ್ಲೆಲ್ಲ ಸಸಿ ನೆಟ್ಟು, ಫೋಟೋ ತೆಗೆಸಿಕೊಂಡು, ಉಪ್ಪಿಟ್ಟು ತಿಂದು ಬರುತ್ತೇವೆ. ಸಸಿ ಒಣಗಿದರೆ ತಮ್ಮ ಪುಣ್ಯ. ಬದುಕಿ ನೆರಳು ಕವಿದರೆ ಹುಲ್ಲು ಹೋಯಿತು. ದೂರದಿಂದಲೇ ಶತ್ರುವನ್ನು ಕಂಡು ಓಡಿ ಉಳಿಯುವ ತಮಗೆ ಕಣ್ಣೂ ಕಟ್ಟಿದ ಹಾಗಾಯಿತು.

ಕಳೆದ ಸಲ ಆ ಕಡೆ ಬಂದಾಗ ಕುರಿ ಕಾಯುವ ಯಜ್ಜನೊಬ್ಬ ಕಂಬಳಿ ಹಾಸಿ ರೊಟ್ಟಿಗಂಟು ಬಿಚ್ಚುತ್ತಿದ್ದ.

“ಚಿಂಕಾರ ಎಲ್ಲಿ ಕಾಣತಾವ ಯಜ್ಜಾ?”

“ಅವು ನಮಗ ಕಾಣೂದಿಲ್ರಿ, ನಾವ ಅವುಕ್ಕ ಕಾಣತೇವಿ.”

ಕಾರಿಕಂಟಿಯ ಬುಡದಲ್ಲಿ ತಾವು ಬಿಟ್ಟುಹೋದ ಹಿಕ್ಕೆಯ ಗುಡ್ಡೆ ತೋರಿಸಿದ. ಅವನ ನಾಯಿಯ ಕೊರಳಲ್ಲಿ ಮೊಳದುದ್ದದ ಕಟ್ಟಿಗೆ ಜೋತಾಡುತ್ತಿತ್ತು. ಕೇಳಿದರೆ, “ಬೆನ್ನ ಹತ್ತತೈತ್ರಿ ಮಗಂದು, ಅದಕ್ಕ” ಅಂದ. ತಮ್ಮ ರಕ್ಷಣೆಗೆಂದು ಜಿಲ್ಲೆಯಲ್ಲಿ ನಾನು ಕಣ್ಣಾರೆ ಕಂಡ ಯೋಜನೆ ಅದೊಂದೇ. ವೆಚ್ಚ: ಒಂದು ಕಟ್ಟಿಗೆ, ಒಂದು ಹಗ್ಗ. ಯಾವ ಸಭೆಗೂ ಅವನಿಗೆ ಕರೆ ಬಂದಿಲ್ಲವಂತೆ. ಬಂದರೆ ಕುರಿ ಕಾಯುವವರಾರು ಎಂಬುದೂ ಇದೆ, ಬಿಡಿ.

ಊರವರೇ ಕಾಯುವ ರೂಢಿ ಬೇರೆ ಕಡೆಯೂ ಇದೆ. ಮದ್ದೂರು ಕಡೆಯ ಕೊಕ್ಕರೆಬೆಳ್ಳೂರಿನವರು ಹುಣಸೆಮರಕ್ಕೆ ಬರುವ ಹೆಜ್ಜಾರ್ಲೆ ಹಕ್ಕಿಗೆ ತವರಿಗೆ ಬಂದ ಮಗಳ ಬಾಣಂತನ ಮಾಡುತ್ತಾರೆ. 2007ರಲ್ಲಿ ಆ ಜಾಗ ಸಮುದಾಯ ಮೀಸಲು ಪ್ರದೇಶವಾಯಿತು. ಅದಕ್ಕೆ ಬೇಕಾದ ಅವಕಾಶ ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿಯಿಂದಲೇ ಇದೆ. ನಮ್ಮೂರ ದನ-ಕುರಿ ಮೇಯುವ ಗಾಯರಾಣಗಳಿಗೆ ಆ ಏರ್ಪಾಡು ಒಗ್ಗೀತೇ ಎಂದು ಕೇಳೋಣವೆಂದರೆ, ಅಲ್ಲಿ ಯಾರ ಕಬ್ಬು ಎಷ್ಟು ಒಳಗೆ ಬಂದಿದೆ ಎಂಬ ಮಾತೂ ಎದ್ದೀತು. ಹಾಗಾಗಿ ಎಲ್ಲರೂ ಸುಮ್ಮನಿದ್ದೇವೆ.

ಇಂತಿ ತಮ್ಮ ನೆರೆಯವ,
ಇಳಕಲ್ಲಿನಿಂದ.

ತಾ.ಕ.: ಓದುಗರೇ, ಚಿಂಕಾರದವರು ಉತ್ತರ ಬರೆಯುವುದಿಲ್ಲ. ಈ ಮಳೆಗಾಲ ಸಸಿ ಹಿಡಿದು ಬಯಲಿಗೆ ಹೊರಟಿದ್ದರೆ, ಗುಂಡಿ ತೋಡುವ ಮುನ್ನ ಅಲ್ಲಿ ಕುರಿ ಕಾಯುವವರನ್ನು ಒಂದು ಮಾತು ಕೇಳಿ.