ಮಳೆ ಎಷ್ಟು, ರೇಟೆಷ್ಟು?

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಕುಶಲ ವಿಚಾರಣೆ ಎರಡೇ ಪ್ರಶ್ನೆಗಳದ್ದು: ಮಳೆ ಎಷ್ಟು, ಅಡಿಕೆಗೆ ರೇಟೆಷ್ಟು. ಆರೋಗ್ಯದ ಮಾತು ಆಮೇಲೆ ಬರುತ್ತದೆ, ಅದೂ ಹೆಚ್ಚಾಗಿ ಮರದ್ದು.

ಹಣ್ಣಡಿಕೆ ಅಂಗಳದಲ್ಲಿ ಒಣಗಲು ಸುಮಾರು 40 ದಿನದ ಬಿಸಿಲು ಬೇಕು. ಅಷ್ಟು ದಿನವೂ ಅಂಗಳ ಮನೆಯವರದ್ದಲ್ಲ. ನೆಂಟರು ಕಾರು ಗೇಟಿನ ಹೊರಗೆ ನಿಲ್ಲಿಸಿ, ಅಂಚಿನ ಗೇಣಗಲದ ಜಾಗದಲ್ಲಿ ಸರ್ಕಸ್ಸಿನವರಂತೆ ನಡೆದು ಜಗಲಿ ಮುಟ್ಟಬೇಕು. ಡಿಸೆಂಬರಿನಲ್ಲಿ ಒಂದು ಮೋಡ ಕಂಡರೆ ಸಾಕು, ಸಾರನ್ನ ಕಲಸಿದ ಕೈಯಲ್ಲೇ ಮನೆಮಂದಿ ಅಂಗಳಕ್ಕಿಳಿಯುತ್ತಾರೆ. ಟರ್ಪಾಲು ಹೊದೆಸಿ ಮುಗಿಯುವಾಗ ಬಿಸಿಲು. ತೆಗೆದು ಮಡಚಿಟ್ಟಾಗ ಟಪ್ಪೆಂದು ಹನಿ.

ಮಳೆಗಾಲದ ಶತ್ರು ಕೊಳೆರೋಗ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು: ಅದನ್ನು ತಡೆಯುವ ಬೋರ್ಡೋ ದ್ರಾವಣದ ಈ ಲೆಕ್ಕ ಇಲ್ಲಿನ ಮಕ್ಕಳಿಗೆ ಮಗ್ಗಿಗಿಂತ ಚೆನ್ನಾಗಿ ಬರುತ್ತದೆ. ದ್ರಾವಣ ಸಿಂಪಡಿಸುವುದಕ್ಕೆ 'ಮದ್ದು ಬಿಡುವುದು' ಎನ್ನುತ್ತಾರೆ. 'ಮದ್ದು ಬಿಟ್ಟಾಯ್ತಾ?' ಎಂದು ಕೇಳಿದರೆ ಘಟ್ಟದ ಮೇಲಿನವರು, ಬಿಪಿ ಮಾತ್ರೆ ನಿಲ್ಲಿಸಿದಿರಾ ಎಂದು ಕೇಳಿದರೆಂದುಕೊಂಡಾರು.

ಕೆಲವು ಮನೆಗಳಲ್ಲಿ ಮಳೆಮಾಪಕವೂ ಉಂಟು. ಬೆಳಗಿನ ಚಹಾದ ಹೊತ್ತಿಗೆ ಮಿಲಿಮೀಟರುಗಳು ವಾಟ್ಸಾಪಿಗೆ ಬರುತ್ತವೆ. ತಮ್ಮಲ್ಲಿ 96, ಗುಡ್ಡದಾಚೆ 112 ಎಂದರೆ ಯಜಮಾನರ ಮುಖ ಸಪ್ಪೆ. ಮಳೆ ಹೆಚ್ಚಾಯಿತೆಂದು ಗೊಣಗುವವರೂ ಅವರೇ.

1973ರಲ್ಲಿ ಹುಟ್ಟಿದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಅಡಿಕೆ ಮರದ ನೆರಳಿನ ಕೊಕ್ಕೋಗೆ ಹಾಗೆ ಮರ್ಯಾದೆ ಬಂತು. ಗುಣಮಟ್ಟ ಪರೀಕ್ಷೆ ಮಾತ್ರ ತೋಟದಲ್ಲೇ ನಡೆಯುತ್ತದೆ. ಅಳಿಲು, ಮಂಗಗಳು ಸಂಬಳವಿಲ್ಲದೆ ನಡೆಸುತ್ತವೆ.